ತೆರೆದಳೋ, ತೊರೆದಳೋ

ಮನೆಯಲ್ಲಿ ಒಂದು ಅಮೂಲ್ಯ ವಸ್ತು ಇದ್ದು, ಅದರ ಬೆಲೆ ಮನೆಯವರಲ್ಲಿ ಒಬ್ಬರಿಗೂ ತಿಳಿಯದಿದ್ದರೆ ಯಜಮಾನನಾದವನು ಏನು ಮಾಡಬೇಕು? ಈ ಪ್ರಶ್ನೆಯನ್ನು ನಮ್ಮ ಕನ್ನಡಕದವರು ದಿನಕ್ಕೆ ಮೂರು ಸಲ, ಊಟಕ್ಕೆ ಮುಂಚೆ ನುಂಗುವ ಮಾತ್ರೆಯ ಹಾಗೆ, ತಪ್ಪದೆ ಕೇಳುತ್ತಿದ್ದರು. ಉತ್ತರ ಯಾರೂ ಕೊಡುತ್ತಿರಲಿಲ್ಲ. ಹೆಂಡತಿಗೆ ಪುರುಸೊತ್ತಿರಲಿಲ್ಲ, ಮಗಳಿಗೆ ತಾಳ್ಮೆ ಇರಲಿಲ್ಲ, ಆಮೇಲೆ ಬಂದು ಸೇರಿದ ಅತ್ತೆಗೆ ಕಿವಿ ಸ್ವಲ್ಪ ಮಂದ (ಬೇಕಾದಾಗ ಮಾತ್ರ).

ಕನ್ನಡಕದವರದು ಪೇಟೆ ಬೀದಿಯಲ್ಲಿ ದರ್ಜಿಯ ಅಂಗಡಿಗೂ ಬೀಗದ ಕೈ ಮಾಡುವವನ ಗೂಡಿಗೂ ನಡುವೆ ಉಸಿರು ಬಿಗಿಹಿಡಿದು ನಿಂತಂಥ ಒಂದು ಪುಟ್ಟ ಅಂಗಡಿ. ಇಪ್ಪತ್ತು ವರ್ಷದಿಂದ ಗಾಜು ಉಜ್ಜಿ, ಚೌಕಟ್ಟಿಗೆ ಕೂರಿಸಿ, ಕಡ್ಡಿಯನ್ನು ಕಿವಿಯ ಅಳತೆಗೆ ಬಗ್ಗಿಸಿ ಕೊಡುವುದು ಅವರ ಕಸುಬು. ಊರಿನ ಅರ್ಧದಷ್ಟು ಮೂಗುಗಳ ಮೇಲೆ ಅವರ ಕೈಕೆಲಸವೇ ಸವಾರಿ ಮಾಡುತ್ತಿತ್ತು. ಅಂಗಡಿಯಲ್ಲಿ ಅವರು ಮೇಲೆ ನೋಡಿ ಅಂದರೆ ಎಂಥ ಅಧಿಕಾರಿಯೂ ಮೇಲೆ ನೋಡಬೇಕು, ಎಡಗಣ್ಣು ಮುಚ್ಚಿ ಅಂದರೆ ಮುಚ್ಚಬೇಕು. ಮನೆಯಲ್ಲಿ ಮಾತ್ರ ಅವರು ಬೆರಳು ತೋರಿಸಿದ ಕಡೆ ಒಬ್ಬರೂ ನೋಡುತ್ತಿರಲಿಲ್ಲ. ಅವರು ಬೆರಳು ತೋರಿಸುತ್ತಿದ್ದದ್ದು ಸಾಮಾನ್ಯವಾಗಿ ಒಂದೇ ಕಡೆಗೆ: ಚಿಕ್ಕ ಕೋಣೆಯ ಗೋಡೆಗೆ ಮೊಳೆ ಹೊಡೆದು ಕೂರಿಸಿದ್ದ ಗಾಜಿನ ಬೀರು, ಅದರ ಮಧ್ಯದ ಹಲಗೆ, ಹಲಗೆಯ ಮೇಲೆ ಒಂಟಿಯಾಗಿ ನಿಂತಿದ್ದ ಒಂದು ಪುಸ್ತಕ.

ಪುಸ್ತಕದ ಹೆಸರು ‘ಕದ ನಿಷೇಧ’. ಹದಿಹರೆಯದವರಿಗಾಗಿ ಬರೆದ ಕಾದಂಬರಿ. ಮುಂದೆ ಎಂದೋ ಬರಲಿರುವ ಕೆಟ್ಟ ಕಾಲದ ಒಂದು ಊರು. ಆ ಊರಿನ ಸರ್ಕಾರ ಮನೆಗಳ ಬಾಗಿಲನ್ನೆಲ್ಲ ಕಿತ್ತು ಹಾಕಿಸಿದೆ. ಮುಚ್ಚಿಡುವಂಥದ್ದು ಏನೂ ಇಲ್ಲದವನಿಗೆ ಕದ ಯಾಕೆ ಅನ್ನುವುದು ಸರ್ಕಾರದ ವಾದ. ಬಚ್ಚಲಿಗೂ ಕದವಿಲ್ಲ, ಅಳುವುದಕ್ಕೂ ಮರೆಯಿಲ್ಲ. ಹದಿನಾಲ್ಕು ವರ್ಷದ ಒಬ್ಬ ಹುಡುಗಿ ಮುರಿದ ಮೇಜು, ಹಳೇ ಪೆಟ್ಟಿಗೆ, ಚಕ್ಕೆ ಪಕ್ಕೆ ಸೇರಿಸಿ ಯಾರಿಗೂ ಗೊತ್ತಾಗದ ಹಾಗೆ ಒಂದು ಕದ ಮಾಡುತ್ತಾಳೆ. ಇನ್ನೂರು ಪುಟ ಅದೇ ಕತೆ. ಕನ್ನಡಕದವರು ಹದಿನಾರನೇ ವಯಸ್ಸಿನಲ್ಲಿ ಜಾಮಿಟ್ರಿ ಬಾಕ್ಸ್ ತರಲು ಹೋದವರು ಈ ಪುಸ್ತಕ ಕೊಂಡು ಮನೆಗೆ ಬಂದಿದ್ದರು. ಅಪ್ಪ ಬೈದರು, ಆ ವರ್ಷ ರೇಖಾಗಣಿತ ಕೈಕೊಟ್ಟಿತು, ಆದರೆ ಹುಡುಗ ಒಂದೇ ಗುಕ್ಕಿಗೆ ಓದಿ ಮುಗಿಸಿ ಬೆಳಗಿನ ತನಕ ಸೂರು ನೋಡುತ್ತಾ ಮಲಗಿದ್ದ. ಜೀವನದಲ್ಲಿ ಒಬ್ಬರ ಮಾತು ಮೀರಿ ಅವರು ಮಾಡಿದ ಮೊದಲ ಕೆಲಸ ಅದು. (ಕೊನೆಯದೂ ಅದೇ ಅಂತ ಹೆಂಡತಿ ಹೇಳುತ್ತಿದ್ದಳು.)

ಇಷ್ಟೇ ಆಗಿದ್ದರೆ ಅದು ಬರೀ ಹಳೇ ಪುಸ್ತಕ. ಅಮೂಲ್ಯವಾದದ್ದು ಕೊನೆಯ ವಾಕ್ಯದಿಂದ. ಈಗ ಅಂಗಡಿಗಳಲ್ಲಿ ಸಿಗುವ ಪ್ರತಿಗಳಲ್ಲಿ ಆ ವಾಕ್ಯ ‘ಅವಳು ಕದ ತೆರೆದಳು’ ಅಂತ ಇದೆ. ಮೊಟ್ಟಮೊದಲ ಮುದ್ರಣದಲ್ಲಿ ಮಾತ್ರ ‘ತೆ’ ಅಕ್ಷರಕ್ಕೆ ಎಲ್ಲಿಂದಲೋ ಒಂದು ಕೊಂಬು ಬಂದು ಅಂಟಿಕೊಂಡು ‘ಅವಳು ಕದ ತೊರೆದಳು’ ಅಂತ ಅಚ್ಚಾಗಿತ್ತು. ಮುನ್ನೂರು ಪ್ರತಿ ಹೊರಗೆ ಹೋದ ಮೇಲೆ ಪ್ರಕಾಶಕರು ಎಚ್ಚೆತ್ತು ಉಳಿದದ್ದನ್ನು ವಾಪಸು ತರಿಸಿಕೊಂಡು ನಾಶಮಾಡಿದರು. ಹೊರಗುಳಿದ ಮುನ್ನೂರರಲ್ಲಿ ಗೆದ್ದಲು, ನೀರು, ರದ್ದಿ ಅಂಗಡಿಗಳನ್ನು ದಾಟಿ ಬಂದದ್ದು ಬೆರಳೆಣಿಕೆಯಷ್ಟು. ಸಂಗ್ರಹಕಾರರು ಅದನ್ನು ‘ಕೊಂಬಿನ ಪ್ರತಿ’ ಅನ್ನುತ್ತಾರೆ, ಹೆಸರೆತ್ತಿದರೆ ಜೊಲ್ಲು ಸುರಿಸುತ್ತಾರೆ.

ಕನ್ನಡಕದವರ ನಿಲುವು ಇನ್ನೂ ಒಂದು ಮೆಟ್ಟಿಲು ಮೇಲೆ. ಅವರ ಪ್ರಕಾರ ಅದು ಅಚ್ಚಿನ ತಪ್ಪೇ ಅಲ್ಲ. ಅಷ್ಟು ಕಷ್ಟಪಟ್ಟು ಕದ ಮಾಡಿದ ಹುಡುಗಿ ಕೊನೆಗೆ ಅದೇ ಕದವನ್ನು ತೊರೆಯುತ್ತಾಳೆ, ಅಂದರೆ ಒಳಗು ಹೊರಗು ಎಂಬ ಭೇದವನ್ನೇ ದಾಟುತ್ತಾಳೆ. ಇದು ಮಹಾತ್ಯಾಗ, ಇದು ವೈರಾಗ್ಯದ ಶಿಖರ. ಹೆದರುಪುಕ್ಕಲ ಪ್ರಕಾಶಕರು ಎರಡನೇ ಮುದ್ರಣದಲ್ಲಿ ಆ ಶಿಖರವನ್ನು ಕಡಿದು ನೆಲಸಮ ಮಾಡಿದರು. ಈ ವಿಷಯವಾಗಿ ಅವರು ಹನ್ನೆರಡು ಪುಟದ ಪ್ರಬಂಧ ಬರೆದು ಮೂರು ಪತ್ರಿಕೆಗಳಿಗೆ ಕಳಿಸಿದ್ದರು. ಎರಡು ಪತ್ರಿಕೆ ಉತ್ತರ ಕೊಡಲಿಲ್ಲ. ಮೂರನೆಯದು ನಿಂತೇ ಹೋಯಿತು.

ಇಂಥ ಪುಸ್ತಕಕ್ಕೆ ಮನೆಯಲ್ಲಿ ಕೆಲವು ಕಾನೂನುಗಳಿದ್ದವು. ಬೀರುವಿನ ಬೀಗದ ಕೈ ಯಜಮಾನರ ಜೇಬಿನಲ್ಲಿ. ಪುಸ್ತಕ ಮುಟ್ಟುವ ಹಕ್ಕು ಯಜಮಾನರಿಗೆ, ಅದೂ ಕೈ ತೊಳೆದು ಒರೆಸಿ, ಲೆನ್ಸ್ ಒರೆಸುವ ಮೆತ್ತನೆಯ ಬಟ್ಟೆ ಹಾಸಿಕೊಂಡು. ಮಧ್ಯಾಹ್ನ ಬಿಸಿಲು ಬೀಳುವ ಹೊತ್ತಿಗೆ ಕಿಟಕಿಯ ಪರದೆ ಎಳೆಯಬೇಕು. ಹದಿನೈದು ವರ್ಷದ ಮಗಳು ಇದನ್ನು ಕೇಳಿ ಕೇಳಿ ಸಾಕಾಗಿ, ಈ ಪುಸ್ತಕಕ್ಕೇನು ಎರಡು ಕೊಂಬು ಇದೆಯಾ ಅಂತ ಒಂದು ದಿನ ಕೇಳಿದಳು. ಎರಡಲ್ಲ, ಒಂದೇ, ಅಂತ ಅಪ್ಪ ಗಂಭೀರವಾಗಿ ಉತ್ತರ ಕೊಟ್ಟರು. ತನ್ನ ವಯಸ್ಸಿನವರಿಗೆ ಅಂತಲೇ ಬರೆದ ಪುಸ್ತಕವನ್ನು ಮನೆಯಲ್ಲಿ ನಲವತ್ತಾರು ವರ್ಷದವರು ಮಾತ್ರ ಓದಬಹುದು ಅನ್ನುವುದು ಎಲ್ಲಿಯ ನ್ಯಾಯ ಅನ್ನುವುದು ಅವಳ ವಾದ. ಎರಡನೇ ಮುದ್ರಣ ತಂದುಕೊಡುತ್ತೇನೆ ಅಂತ ಅಪ್ಪ ಮಾತು ಕೊಟ್ಟರು. ಆಮೇಲೆ, ಆ ಕೊನೆಯ ವಾಕ್ಯ ಓದಿ ಮಗಳ ಮನಸ್ಸು ಕೆಟ್ಟುಹೋದೀತು ಅಂತ ಹೆದರಿ ತಂದುಕೊಡಲೇ ಇಲ್ಲ.

ಹೀಗೆ ನಡೆಯುತ್ತಿದ್ದಾಗ ಅತ್ತೆ ಬಂದರು. ಅವರಿಗೆ ಮಂಡಿಯ ಆಪರೇಷನ್ ಆಗಿತ್ತು. ಮಗಳು, ಅಂದರೆ ಕನ್ನಡಕದವರ ಹೆಂಡತಿ, ಆಸ್ಪತ್ರೆಯಲ್ಲಿ ಜನರ ಕೈಕಾಲು ಎಳೆದು ತಿರುಚಿ ಸರಿಮಾಡುವ ಫಿಸಿಯೋಥೆರಪಿಸ್ಟ್. ತಾಯಿಯನ್ನು ತನ್ನ ಕಣ್ಣೆದುರೇ ನಡೆಸುತ್ತೇನೆ ಅಂತ ಕರೆದುಕೊಂಡು ಬಂದಳು. ಮನೆಯಲ್ಲಿ ಖಾಲಿ ಇದ್ದದ್ದು ಚಿಕ್ಕ ಕೋಣೆ ಒಂದೇ. ಬೀರುವನ್ನು ಕೀಳೋಣವೆಂದರೆ ಗೋಡೆಯೂ ಜೊತೆಗೆ ಬರುವ ಹಾಗಿತ್ತು. ಹಾಗಾಗಿ ಅತ್ತೆಯ ಮಂಚ ಒಂದು ಕಡೆ, ಕೊಂಬಿನ ಪ್ರತಿ ಇನ್ನೊಂದು ಕಡೆ, ನಡುವೆ ಗೇಣು ಜಾಗ.

ಅತ್ತೆ ಸಾಮಾನ್ಯದವರಾಗಿದ್ದರೆ ಚಿಂತೆ ಇರಲಿಲ್ಲ. ಅವರು ಮೂವತ್ತೈದು ವರ್ಷ ಅಚ್ಚುಕೂಟದಲ್ಲಿ ಕರಡು ತಿದ್ದಿ ನಿವೃತ್ತರಾದವರು. ಕರಡು ತಿದ್ದುವುದು ಅಂದರೆ ಪುಸ್ತಕ ಅಚ್ಚಾಗುವ ಮೊದಲೇ ತಪ್ಪುಗಳನ್ನು ಹುಡುಕಿ ಕೊಲ್ಲುವುದು. ಹುಡುಕಿ ಹುಡುಕಿ ಅವರ ಕಣ್ಣು ಸವೆದಿತ್ತು, ಚಟ ಸವೆದಿರಲಿಲ್ಲ. ತಲೆದಿಂಬಿನ ಪಕ್ಕ ಒಂದು ಕೆಂಪು ಪೆನ್ನು ಯಾವಾಗಲೂ ಮಲಗಿರುತ್ತಿತ್ತು. ಔಷಧಿಯ ಚೀಟಿ, ಕರೆಂಟ್ ಬಿಲ್ಲು, ಲಿಫ್ಟಿನಲ್ಲಿ ಅಂಟಿಸಿದ ಸೂಚನೆ, ಯಾವುದೂ ಅವರ ಕೈಯಿಂದ ಪಾರಾಗುತ್ತಿರಲಿಲ್ಲ. ಅಳಿಯನ ಅಂಗಡಿಯ ಕಾರ್ಡಿನಲ್ಲಿ ‘ಕಣ್ಣಿನ ಪರಿಕ್ಷೆ’ ಅಂತ ಇದ್ದದ್ದನ್ನು ಕಂಡು ಅವರು ಎರಡು ದಿನ ಕೂತು ಐನೂರು ಕಾರ್ಡಿಗೂ ಒಂದೊಂದಾಗಿ ದೀರ್ಘ ಎಳೆದು ಕೊಟ್ಟಿದ್ದರು. ಐನೂರು ಗಿರಾಕಿಗಳಿಗೆ ಕೆಂಪು ಗೀಟಿನ ಕಾರ್ಡು ಹೋಯಿತು.

ಅಳಿಯ ಅದನ್ನೂ ಸಹಿಸಿದರು. ಅಷ್ಟೇ ಅಲ್ಲ, ದೊಡ್ಡ ಮನಸ್ಸು ಮಾಡಿ ಅತ್ತೆಯ ಕಣ್ಣನ್ನು ತಾವೇ ಪರೀಕ್ಷೆ ಮಾಡಿ, ತಮ್ಮ ಕೈಯಾರೆ ಗಾಜು ಉಜ್ಜಿ, ಓದುವುದಕ್ಕೆಂದೇ ಒಂದು ಕನ್ನಡಕ ಮಾಡಿಕೊಟ್ಟರು. ಅಂಥ ಕನ್ನಡಕ ಅವರು ಇಪ್ಪತ್ತು ವರ್ಷದಲ್ಲಿ ಮಾಡಿರಲಿಲ್ಲ. ಅತ್ತೆ ಅದನ್ನು ಹಾಕಿಕೊಂಡು ಗೋಡೆಯ ಕ್ಯಾಲೆಂಡರಿನ ಅಂಚಿನಲ್ಲಿದ್ದ ಮುದ್ರಕರ ಹೆಸರನ್ನು ಮಂಚದಿಂದಲೇ ಓದಿ, ಅದರಲ್ಲೂ ಒಂದು ತಪ್ಪು ತೋರಿಸಿದರು. ಅಳಿಯ ಹೆಮ್ಮೆಯಿಂದ ಬೀಗಿದರು. ತನ್ನ ಕಾಲ ಮೇಲೆ ತಾನೇ ಕಲ್ಲು ಎತ್ತಿಹಾಕಿಕೊಳ್ಳುವವನಿಗೂ ಕಲ್ಲು ಎತ್ತುವ ತನಕ ಹೆಮ್ಮೆಯೇ ಇರುತ್ತದೆ.

ಅದೇ ವಾರ ಲೈಬ್ರರಿಯಿಂದ ಫೋನು ಬಂತು. ‘ಕದ ನಿಷೇಧ’ ಹೊರಬಂದು ಮೂವತ್ತು ವರ್ಷ, ಆ ನೆಪದಲ್ಲಿ ಒಂದು ಪ್ರದರ್ಶನ, ಲೇಖಕಿ ಸ್ವತಃ ಬರುತ್ತಾರೆ, ನಿಮ್ಮ ಹತ್ತಿರ ಕೊಂಬಿನ ಪ್ರತಿ ಇದೆಯಂತೆ, ಅದನ್ನು ತಂದು ತೋರಿಸಿ ಹತ್ತು ನಿಮಿಷ ಮಾತಾಡಬೇಕು ಅಂತ ಲೈಬ್ರೇರಿಯನ್ ಕೇಳಿಕೊಂಡರು. ಕನ್ನಡಕದವರಿಗೆ ಜನ್ಮ ಸಾರ್ಥಕವಾಯಿತು. ಮೂರು ಪತ್ರಿಕೆಗಳು ಕೇಳದ ಮಾತನ್ನು ಒಂದು ಸಭೆ ಕೇಳಲಿತ್ತು, ಅದೂ ಬರೆದವರ ಸಮ್ಮುಖದಲ್ಲಿ. ಭಾನುವಾರದ ಕಾರ್ಯಕ್ರಮಕ್ಕೆ ಗುರುವಾರವೇ ತಯಾರಿ ಶುರುವಾಯಿತು. ಕೈ ತೊಳೆದರು, ಒರೆಸಿದರು, ಬಟ್ಟೆ ಹಾಸಿದರು, ಪುಸ್ತಕ ಹೊರಗೆ ತೆಗೆದರು. ರಕ್ಷಾಕವಚದ ಮೇಲಿನ ಧೂಳಿನ ಕಣಗಳನ್ನು ಹೆಸರು ಹಿಡಿದು ಕರೆಯುವಂತೆ ಒಂದೊಂದಾಗಿ ಎತ್ತುತ್ತಿದ್ದಾಗ ಅಂಗಡಿಯಿಂದ ಕರೆ ಬಂತು. ಹೆಡ್ಮಾಸ್ತರರೊಬ್ಬರು ತಮ್ಮ ಕನ್ನಡಕದ ಮೇಲೆ ತಾವೇ ಕೂತಿದ್ದರಂತೆ, ಸಂಜೆ ಅವರ ಮಗಳ ನಾಟಕವಂತೆ, ಕಾಣಿಸುವುದಿಲ್ಲವಂತೆ. ಕನ್ನಡಕದವರು ಪುಸ್ತಕವನ್ನು ಬಟ್ಟೆಯಲ್ಲಿ ಮುಚ್ಚಿ, ಯಾರೂ ಮುಟ್ಟಬಾರದು ಅಂತ ಮನೆಗೆಲ್ಲ ಕೇಳಿಸುವ ಹಾಗೆ ಹೇಳಿ ಓಡಿದರು.

ಎರಡು ಗಂಟೆಯ ಮೇಲೆ ಬಂದು ನೋಡಿದರೆ ಬಟ್ಟೆ ಮಡಿಸಿ ಇಟ್ಟಿತ್ತು. ಪುಸ್ತಕ ಅತ್ತೆಯ ಮಡಿಲಲ್ಲಿ ಕೊನೆಯ ಪುಟಕ್ಕೆ ತೆರೆದುಕೊಂಡಿತ್ತು. ಪಕ್ಕದಲ್ಲಿ ಮಗಳು ಮೂಗು ಒರೆಸಿಕೊಳ್ಳುತ್ತಾ ಕೂತಿದ್ದಳು. ಕೊನೆಯ ವಾಕ್ಯದ ‘ತೊ’ ಅಕ್ಷರದ ಕೊಂಬಿನ ಮೇಲೆ ಕೆಂಪು ಶಾಯಿಯ ಒಂದು ಗೀಟು ಹಾದು ಹೋಗಿ, ಅಂಚಿನಲ್ಲಿ ಮುದ್ದಾದ ಅಕ್ಷರದಲ್ಲಿ ‘ತೆ’ ಅಂತ ಬರೆದಿತ್ತು.

ಕನ್ನಡಕದವರು ಕೈ ತೊಳೆಯುವುದನ್ನೂ ಮರೆತು ಆ ಪುಟದ ಮೇಲೆ ಬಗ್ಗಿದರು.

“ಇದನ್ನ ಯಾರು ಮಾಡಿದ್ದು?”

“ನಾನೇ,” ಅಂದರು ಅತ್ತೆ. “ನಿಮಗೆ ಹೇಳೋಣ ಅಂತಿದ್ದೆ. ಕೊನೇ ಪುಟದಲ್ಲಿ ಒಂದು ತಪ್ಪು ಉಳ್ಕೊಂಡುಬಿಟ್ಟಿತ್ತು.”

“ಅದು ತಪ್ಪಲ್ಲ.”

“ತಪ್ಪಲ್ದೆ ಏನು? ಇಡೀ ಪುಸ್ತಕ ಆ ಹುಡುಗಿ ಕದ ಮಾಡ್ತಾಳೆ. ಮಾಡಿ ಮುಗಿಸಿ ಬಿಟ್ಟು ಹೋಗೋಕೆ ಅವಳಿಗೇನು ಹುಚ್ಚಾ?”

“ಅದು ವೈರಾಗ್ಯ, ಅತ್ತೆ.”

“ಹದಿನಾಲ್ಕು ವರ್ಷಕ್ಕೆ ಎಂಥ ವೈರಾಗ್ಯ? ಕೊಂಬು ಜಾಸ್ತಿ ಆಗಿತ್ತು, ತೆಗೆದೆ. ಬೇರೆ ಪುಟಗಳಲ್ಲೂ ಹನ್ನೊಂದು ಇವೆ. ಅವನ್ನ ನಾಳೆ ನೋಡ್ತೀನಿ.”

ನಡೆದದ್ದು ಇಷ್ಟು. ಅಪ್ಪ ಬೀದಿ ದಾಟುವುದರೊಳಗೆ ಮಗಳು ಪುಸ್ತಕ ತೆರೆದಿದ್ದಳು. ಎರಡು ಗಂಟೆ ತಲೆ ಎತ್ತದೆ ಓದಿದಳು. ಕೊನೆಯ ವಾಕ್ಯಕ್ಕೆ ಬಂದು, ಅಜ್ಜಿ, ಇಷ್ಟೆಲ್ಲ ಮಾಡಿ ಅವಳು ಕದವನ್ನು ಯಾಕೆ ತೊರೆದಳು ಅಂತ ಅಳುತ್ತಾ ಕೇಳಿದಳು. ಅಜ್ಜಿ ಹೊಸ ಕನ್ನಡಕ ಏರಿಸಿ ನೋಡಿದರು. ಮುಂದಿನದು ಅವರ ವೃತ್ತಿಧರ್ಮ.

ಕನ್ನಡಕದವರು ಆ ಸಂಜೆ ಮಾಡಿದ ಭಾಷಣವನ್ನು ಪೂರ್ತಿ ಬರೆದರೆ ಈ ಕತೆ ಮುಗಿಯುವುದಿಲ್ಲ. ಮೂವತ್ತು ವರ್ಷ ಬಿಸಿಲು ಕಾಣದ ಹಾಗೆ ಸಾಕಿದ್ದನ್ನು ಒಂದು ಗೀಟಿನಲ್ಲಿ ಕೊಂದರು ಅಂದರು. ಜಗತ್ತಿನ ಗ್ರಂಥಾಲಯಗಳಿಗೆ ಬೆಂಕಿ ಹಚ್ಚಿದವರು ಕೂಡ ಹೀಗೇ ಸದುದ್ದೇಶದಿಂದ ಹಚ್ಚಿದ್ದು ಅಂದರು. ಅತ್ತೆ ಕಿವಿಯ ಯಂತ್ರ ತೆಗೆದು ಡಬ್ಬಿಯಲ್ಲಿಟ್ಟುಕೊಂಡರು. ಮಗಳು, ಬೇಕಾದರೆ ನನ್ನನ್ನು ಬೈಯಿರಿ, ಪೆನ್ನು ಕೊಟ್ಟವಳು ನಾನು ಅಂದಳು. ಅದಕ್ಕೂ ಬೈದರು.

ಶುಕ್ರವಾರ ಅವರು ಅಂಗಡಿಯಲ್ಲಿ ಗಿರಾಕಿಗಳನ್ನು ಕಾಯಿಸಿ ಶಾಯಿ ಅಳಿಸುವ ಸಂಶೋಧನೆಗೆ ಇಳಿದರು. ಒಂದು ಹಳೇ ರಸೀದಿಯ ಮೇಲೆ ಕೆಂಪು ಗೀಟು ಎಳೆದು, ಲೆನ್ಸ್ ತೊಳೆಯುವ ದ್ರಾವಣ ಹಚ್ಚಿ ಉಜ್ಜಿದರು. ಶಾಯಿ ಗುಲಾಬಿ ಬಣ್ಣಕ್ಕೆ ತಿರುಗಿ ನಾಲ್ಕು ಪಟ್ಟು ಹರಡಿತು. ಇನ್ನೊಂದು ದ್ರಾವಣ ಹಚ್ಚಿದರು. ಶಾಯಿ ಹೋಯಿತು, ಜೊತೆಗೆ ರಸೀದಿಯೂ ಹೋಗಿ ಆಚೆ ಬದಿಯ ಮೇಜು ಕಾಣಿಸಿತು. ಕೊಂಬು ಹೋದ ಮೇಲೆ ಇನ್ನು ಪುಟವೂ ಹೋಗುವುದು ಬೇಡ ಅಂತ ಕೈಬಿಟ್ಟರು. ಮನೆಯಲ್ಲಿ ಮೌನವ್ರತ ಹಿಡಿದರು. ಅನ್ನಕ್ಕೂ ನೀರಿಗೂ ಸನ್ನೆಯಲ್ಲೇ ಕೇಳುತ್ತಿದ್ದರು. ಸನ್ನೆಗೆ ಅನ್ನ ಬರುವುದಿಲ್ಲ ಅಂತ ಶನಿವಾರ ಮಧ್ಯಾಹ್ನ ಗೊತ್ತಾಯಿತು.

ಶನಿವಾರ ಸಂಜೆ ಹೆಂಡತಿ ತಾಯಿಯ ಮಂಡಿಯನ್ನು ಮಡಿಸಿ ಬಿಡಿಸಿ ಬಂದು, ಕೈ ಒರೆಸಿಕೊಳ್ಳುತ್ತಾ ಹೇಳಿದಳು. “ನಿಮ್ಮ ಮಗಳು ಜನ್ಮದಲ್ಲಿ ಮೊದಲನೇ ಸಲ ಒಂದು ಪುಸ್ತಕ ಓದಿ ಅತ್ತಳು. ಅದೂ ನೀವು ಅವಳ ವಯಸ್ಸಲ್ಲಿ ಓದಿದ ಪುಸ್ತಕ. ಹೇಗಿತ್ತು ಅಂತ ಒಂದು ಮಾತು ಕೇಳಿದ್ರಾ?”

ಕನ್ನಡಕದವರು ಕೇಳಿರಲಿಲ್ಲ. ಈಗ ಹೋಗಿ ಕೇಳಿದರೆ ಸೋತ ಹಾಗೆ ಅಂತ ಅನಿಸಿತು. ಹಾಗಾಗಿ ಕೋಪವನ್ನೇ ಮುಂದುವರಿಸಿ ಭಾಷಣ ಬರೆಯಲು ಕೂತರು. ಹತ್ತು ನಿಮಿಷದ ಭಾಷಣ ಇಪ್ಪತ್ತೆರಡು ಪುಟ ಆಯಿತು.

ಭಾನುವಾರ ಲೈಬ್ರರಿಯ ಸಭಾಂಗಣದಲ್ಲಿ ಸುಮಾರು ಎಂಬತ್ತು ಜನ. ಮುಂದಿನ ಸಾಲಿನಲ್ಲಿ ಲೇಖಕಿ ಕೂತಿದ್ದರು. ಎಪ್ಪತ್ತು ದಾಟಿದ, ಗಿಡ್ಡನೆಯ, ಬಟ್ಟೆಯ ಚೀಲವನ್ನು ಮಡಿಲಲ್ಲಿ ಹಿಡಿದುಕೊಂಡ ಹೆಂಗಸು, ತನ್ನದೇ ಕಾರ್ಯಕ್ರಮಕ್ಕೆ ತಪ್ಪಿ ಬಂದವರ ಹಾಗೆ ಕಾಣುತ್ತಿದ್ದರು. ಮೂರನೇ ಸಾಲಿನಲ್ಲಿ ಹೆಂಡತಿ, ಮಗಳು, ಊರುಗೋಲು ಹಿಡಿದ ಅತ್ತೆ. ಅತ್ತೆಯನ್ನು ಕರೆತರುವುದು ಬೇಡ ಅಂತ ಕನ್ನಡಕದವರು ಮೌನ ಮುರಿದು ಹೇಳಿದ್ದರು. ಆದರೆ ಮೂವತ್ತೈದು ವರ್ಷ ಬರೆದವರ ತಪ್ಪನ್ನೆಲ್ಲ ತಿದ್ದಿದ್ದೇನೆ, ಬರೆಯುವವರಲ್ಲಿ ಒಬ್ಬರನ್ನೂ ಹತ್ತಿರದಿಂದ ನೋಡಿಲ್ಲ, ನೋಡಿಯೇ ಸಿದ್ಧ ಅಂತ ಅತ್ತೆ ಹಟ ಹಿಡಿದಿದ್ದರು.

ಕನ್ನಡಕದವರು ಪುಸ್ತಕವನ್ನು ಮುಚ್ಚಿದಂತೆಯೇ ಗಾಜಿನ ಪೆಟ್ಟಿಗೆಯಲ್ಲಿಟ್ಟು ಮಾತಿಗೆ ನಿಂತರು. ಮೊದಲ ಎರಡು ನಿಮಿಷ ಶಾಂತವಾಗಿಯೇ ಇದ್ದರು. ಮೂರನೇ ಸಾಲಿನ ಕಡೆ ಕಣ್ಣು ಹೋದದ್ದೇ ತಡ, ಗುರುವಾರದಿಂದ ತುಂಬಿದ್ದ ಕಟ್ಟೆ ಒಡೆಯಿತು. ಕೆಟ್ಟ ಪ್ರಭುತ್ವ ಅನ್ನುವುದು ಮುಂದೆ ಎಂದೋ ಬರುವುದಲ್ಲ, ಅದು ನಮ್ಮ ನಮ್ಮ ಮನೆಗಳಲ್ಲಿ ಈಗಾಗಲೇ ಮಂಚ ಹಾಕಿಕೊಂಡು ಮಲಗಿದೆ ಅಂದರು. ಅದರ ಕೈಯಲ್ಲಿ ಬಂದೂಕು ಇರುವುದಿಲ್ಲ, ಕೆಂಪು ಪೆನ್ನು ಇರುತ್ತದೆ ಅಂದರು. ‘ತೊರೆದಳು’ ಎಂಬ ಒಂದು ಪದದಲ್ಲಿ ಎಷ್ಟು ಕಡಲುಗಳಿವೆ ಅಂತ ಒಂದೊಂದನ್ನೂ ದಾಟಿ ತೋರಿಸಿದರು. ಆ ಕಡಲುಗಳನ್ನೆಲ್ಲ ಬತ್ತಿಸಿ ‘ತೆರೆದಳು’ ಅಂತ ಮಾಡುವವರಿಗೆ ಸಾಹಿತ್ಯವೂ ಗೊತ್ತಿಲ್ಲ, ಬದುಕೂ ಗೊತ್ತಿಲ್ಲ, ಗೊತ್ತಿರುವುದು ಕಾಗುಣಿತ ಮಾತ್ರ ಅಂತ ಮುಗಿಸಿದರು. ಚಪ್ಪಾಳೆ ಬಿತ್ತು. ಹಿಂದಿನ ಸಾಲಿನಲ್ಲಿ ಒಬ್ಬರು ಕಣ್ಣೊರೆಸಿಕೊಂಡರು. ಕನ್ನಡಕದವರ ಜೀವಮಾನದಲ್ಲಿ ಅಷ್ಟು ಜನ ಒಟ್ಟಿಗೆ ಅವರು ತೋರಿಸಿದ ಕಡೆ ನೋಡಿದ್ದು ಅದೇ ಮೊದಲು.

ಲೇಖಕಿ ಎದ್ದು ಬಂದು ಪುಸ್ತಕ ನೋಡಬಹುದೇ ಅಂತ ಕೇಳಿದರು. ಬೇಡ ಅನ್ನುವ ಹಾಗಿಲ್ಲ. ಕೊನೆಯ ಪುಟ ತೆರೆದರು, ಕೆಂಪು ಗೀಟನ್ನೂ ಅಂಚಿನ ‘ತೆ’ಯನ್ನೂ ಬಹಳ ಹೊತ್ತು ನೋಡಿದರು. ಕನ್ನಡಕದವರು ಪಕ್ಕದಲ್ಲಿ ನಿಂತು, ಹೆತ್ತ ಮಗುವಿನ ಗಾಯವನ್ನು ತಾಯಿಗೆ ತೋರಿಸುವ ವೈದ್ಯರ ಹಾಗೆ ತಲೆ ತಗ್ಗಿಸಿದರು.

“ಇದನ್ನ ತಿದ್ದಿದ್ದು ಯಾರು?” ಅಂತ ಲೇಖಕಿ ಕೇಳಿದರು.

ಕನ್ನಡಕದವರು ತೀರ್ಪು ಕೇಳುವ ಉತ್ಸಾಹದಲ್ಲಿ ಮೂರನೇ ಸಾಲಿನ ಕಡೆ ಬೆರಳು ತೋರಿಸಿದರು. ಅತ್ತೆ ಊರುಗೋಲು ಊರಿ ಎದ್ದು ನಿಂತು, ತಾನೇ ಅಂದರು. ಲೇಖಕಿ ಪುಸ್ತಕ ಎದೆಗವಚಿಕೊಂಡು ಮೈಕಿನ ಹತ್ತಿರ ಹೋದರು.

ತಾನು ಬರೆದದ್ದು ‘ತೆರೆದಳು’ ಅಂತಲೇ, ಅಂದರು. ಮೊದಲ ಪ್ರತಿ ಕೈಗೆ ಬಂದ ದಿನ ಕೊನೆಯ ಸಾಲು ಓದಿ ಊಟ ಬಿಟ್ಟು ಅತ್ತಿದ್ದರಂತೆ. ಒಂದು ಮಗು ಇನ್ನೂರು ಪುಟ ಕಷ್ಟಪಟ್ಟು ಮಾಡಿದ ಕದವನ್ನು ಒಂದು ಕೊಂಬು ಕಿತ್ತುಕೊಂಡುಬಿಟ್ಟಿತು ಅಂತ ಸಂಕಟವಾಗಿತ್ತಂತೆ. ಆಮೇಲೆ ನೋಡಿದರೆ ಹೋದ ಹೋದ ಕಡೆಯೆಲ್ಲ ಜನ ಆ ತಪ್ಪನ್ನೇ ಹೊಗಳುತ್ತಾರೆ. ಎಂಥ ತ್ಯಾಗ, ಎಂಥ ದರ್ಶನ ಅನ್ನುತ್ತಾರೆ. ಇಲ್ಲ ಸ್ವಾಮಿ, ಅದು ಅಚ್ಚಿನ ದೋಷ ಅನ್ನಲು ಸಂಕೋಚವಾಗಿ ಮೂವತ್ತು ವರ್ಷ ನಗುನಗುತ್ತಾ ತಲೆಯಾಡಿಸಿಕೊಂಡು ಬಂದಿದ್ದೇನೆ ಅಂದರು.

“ಇಷ್ಟು ವರ್ಷದಲ್ಲಿ ನನ್ನ ಮಾತನ್ನ ನಾನು ಬರೆದ ಹಾಗೇ ಓದಿದವರು ಇವರೊಬ್ಬರು. ಯಾರನ್ನೂ ಕೇಳದೆ, ಬರೀ ಕತೆ ಓದಿ ಕಂಡುಕೊಂಡರು,” ಅಂದರು.

ಚಪ್ಪಾಳೆ ಮತ್ತೆ ಬಿತ್ತು. ಮೊದಲಿನದಕ್ಕಿಂತ ಜೋರಾಗಿ, ಅದೇ ಎಂಬತ್ತು ಜನರದು. ಕಣ್ಣೊರೆಸಿಕೊಂಡಿದ್ದವರು ಈಗಲೂ ಒರೆಸಿಕೊಂಡರು. ಲೇಖಕಿ ಚೀಲದಿಂದ ಪೆನ್ನು ತೆಗೆದು ಆ ಕೆಂಪು ಗೀಟಿನ ಕೆಳಗೆ ಎರಡು ಸಾಲು ಬರೆದು ಸಹಿ ಹಾಕಿದರು. ಲೈಬ್ರೇರಿಯನ್ ಬಗ್ಗಿ ನೋಡಿ, ಲೇಖಕಿಯೇ ಒಪ್ಪಿ ಸಹಿ ಮಾಡಿದ ತಿದ್ದುಪಡಿ ಇರುವ ಕೊಂಬಿನ ಪ್ರತಿ ಇದೊಂದೇ ಇರಬೇಕು, ಇದಕ್ಕೆ ಸಮಾನವಾದದ್ದು ಇನ್ನಿಲ್ಲ ಅಂದರು. ಅರ್ಧ ನಿಮಿಷದ ಮಟ್ಟಿಗೆ ಕನ್ನಡಕದವರ ಮುಖ ಬೆಳಗಿತು. ಹೋದ ಮಾನ ಬಡ್ಡಿ ಸಮೇತ ಬಂತು ಅಂದುಕೊಂಡು ಬಗ್ಗಿ ಓದಿದರು.

‘ತಿದ್ದಿದ್ದು ಸರಿ. ಈ ಪ್ರತಿ ತಿದ್ದಿದವರಿಗೇ ಸೇರಲಿ.’

ಅತ್ತೆಯ ಒಡವೆಯನ್ನು ಅಳಿಯ ದಾನ ಮಾಡಿದ ಅನ್ನುವ ಗಾದೆ ಎಲ್ಲರಿಗೂ ಗೊತ್ತು. ಅಳಿಯನ ಒಡವೆಯನ್ನು ಮೂರನೆಯವರು ಅತ್ತೆಗೆ ದಾನ ಮಾಡಿದ್ದಕ್ಕೆ ಗಾದೆ ಇನ್ನೂ ಹುಟ್ಟಿಲ್ಲ. ತನ್ನದಲ್ಲದ ಪುಸ್ತಕವನ್ನು ಕೊಟ್ಟುಬಿಡುವ ಹಕ್ಕು ಬರೆದವರಿಗೂ ಇಲ್ಲ ಅಂತ ಕನ್ನಡಕದವರು ದಾರಿಯುದ್ದಕ್ಕೂ ವಾದ ಮಾಡಿದರು. ಬರೆದವರ ವಾಕ್ಯವನ್ನೇ ಇಷ್ಟು ವರ್ಷ ಬೇರೆ ಮಾಡಿ ಓದಿದವರು ನೀವು, ಹಕ್ಕಿನ ಮಾತು ಯಾಕೆ ಅಂದಳು ಹೆಂಡತಿ. ಮಗಳು ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲೇ ಎರಡನೇ ಸಲ ಓದಲು ಶುರುಮಾಡಿದ್ದಳು. ಯಾರ ಅನುಮತಿಯೂ ಬೇಕಾಗಿರಲಿಲ್ಲ, ಪುಸ್ತಕ ಅಜ್ಜಿಯದು. ಮೂರು ನಿಲ್ದಾಣ ಕಳೆದ ಮೇಲೆ ಕನ್ನಡಕದವರು ಕಿಟಕಿಯ ಕಡೆ ಮುಖ ಮಾಡಿಕೊಂಡೇ, ಹೇಗಿದೆ ಅಂತ ಕೇಳಿದರು. ತುಂಬಾ ಚೆನ್ನಾಗಿದೆ ಅಪ್ಪ, ಅಂದಳು ಮಗಳು. ಅದರಿಂದ ಅವರಿಗೆ ಖುಷಿಯಾಯಿತು. ಖುಷಿಯಾದದ್ದಕ್ಕೆ ಇನ್ನಷ್ಟು ಸಿಟ್ಟು ಬಂತು.

ವಿಷಯ ಅಲ್ಲಿಗೇ ನಿಂತಿದ್ದರೂ ಸಹಿಸಬಹುದಿತ್ತು. ಹದಿನೈದು ದಿನದ ಮೇಲೆ ಲೇಖಕಿಯಿಂದ ಅತ್ತೆಯ ಹೆಸರಿಗೆ ಒಂದು ಕಟ್ಟು ಬಂತು. ಮೂವತ್ತನೇ ವರ್ಷದ ಹೊಸ ಆವೃತ್ತಿ ಹೊರಬರುತ್ತದೆ, ಅದರ ಕರಡನ್ನು ನಿಮ್ಮ ಹೊರತು ಬೇರೆಯವರ ಕೈಗೆ ಕೊಡುವುದಿಲ್ಲ ಅಂತ ಕಾಗದ. ಜೊತೆಗೆ ಅಚ್ಚಿನ ಕರಡು, ಲೇಖಕಿಯ ಕೈಬರಹದ ಮೂಲ ಪ್ರತಿ. ಅತ್ತೆಗೆ ಹತ್ತು ವರ್ಷ ಕಡಿಮೆಯಾದ ಹಾಗಾಯಿತು. ಊರುಗೋಲು ಮರೆತು ಅಡುಗೆಮನೆಯ ತನಕ ನಡೆದು ಬಂದು ಸುದ್ದಿ ಹೇಳಿದರು. ಆಸ್ಪತ್ರೆಯ ಯಾವ ವ್ಯಾಯಾಮವೂ ಇಷ್ಟು ಕೆಲಸ ಮಾಡಿರಲಿಲ್ಲ ಅಂದಳು ಕನ್ನಡಕದವರ ಹೆಂಡತಿ.

ಆದರೆ ಕರಡು ನೋಡುವುದಕ್ಕೆ ಇಬ್ಬರು ಬೇಕು. ಒಬ್ಬರು ಮೂಲ ಪ್ರತಿಯನ್ನು ಗಟ್ಟಿಯಾಗಿ ಓದಬೇಕು, ಚುಕ್ಕೆ ಗೆರೆ ಒಂದೂ ಬಿಡದೆ ಬಾಯಿಬಿಟ್ಟು ಹೇಳಬೇಕು. ಇನ್ನೊಬ್ಬರು ಅಚ್ಚಿನ ಹಾಳೆ ನೋಡುತ್ತಾ ತಪ್ಪು ಹಿಡಿಯಬೇಕು. ಮೊಮ್ಮಗಳಿಗೆ ಪರೀಕ್ಷೆ. ಮಗಳಿಗೆ ಆಸ್ಪತ್ರೆ. ಮನೆಯಲ್ಲಿ ಸಂಜೆ ಆರಕ್ಕೆ ಅಂಗಡಿ ಮುಚ್ಚಿ ಬಂದು ಸುಮ್ಮನೆ ಸಿಡುಕುತ್ತಾ ಕೂರುವವರು ಒಬ್ಬರೇ. ತಾವು ಆ ಕೆಲಸಕ್ಕೆ ಸಾಯುವ ತನಕ ಒಪ್ಪುವುದಿಲ್ಲ ಅಂತ ಕನ್ನಡಕದವರು ಸೋಮವಾರ ಹೇಳಿದರು. ಮಂಗಳವಾರ ಮಂಚದ ಪಕ್ಕ ಸ್ಟೂಲು ಹಾಕಿಕೊಂಡು ಕೂತರು. (ಲೇಖಕಿಯ ಕೈಬರಹವನ್ನು ನೋಡುವ ಆಸೆ ಇತ್ತು ಅನ್ನುವುದನ್ನು ಅವರು ಯಾರ ಮುಂದೂ ಒಪ್ಪಿಕೊಂಡಿಲ್ಲ.)

ಮೊದಲು ಮುನ್ನುಡಿ. ಹೊಸ ಆವೃತ್ತಿಗೆಂದೇ ಲೇಖಕಿ ಹೊಸದಾಗಿ ಬರೆದದ್ದು. ಅತ್ತೆ ಕನ್ನಡಕ ಏರಿಸಿ, ಕೆಂಪು ಪೆನ್ನಿನ ಮುಚ್ಚಳ ತೆಗೆದು, ಹೂಂ ಅಂದರು. ಕನ್ನಡಕದವರು ಮುಖ ಗಂಟು ಹಾಕಿಕೊಂಡು ಓದಲು ಶುರುಮಾಡಿದರು.

“ಈ ಆವೃತ್ತಿ ಹೀಗೆ ಬರಲು ಕಾರಣರಾದವರು ಇಬ್ಬರು, ಪೂರ್ಣವಿರಾಮ. ಒಬ್ಬರು, ಅಲ್ಪವಿರಾಮ, ನನ್ನ ವಾಕ್ಯವನ್ನು ನನಗೆ ಮರಳಿಸಿದ ಹಿರಿಯರು, ಪೂರ್ಣವಿರಾಮ. ಇನ್ನೊಬ್ಬರು ಅವರ ಅಳಿಯ, ಅರ್ಧವಿರಾಮ.”

ಇಲ್ಲಿ ಅವರು ನಿಂತರು. ಅತ್ತೆ ತಲೆ ಎತ್ತದೆ, ಮುಂದೆ ಅಂದರು.

“ಒಂದು ಅಚ್ಚಿ…ನ ತಪ್ಪನ್ನು ಮೂವತ್ತು ವರ್ಷ ಗಾಜಿನ ಬೀರುವಿನಲ್ಲಿಟ್ಟು ಕಾಪಾಡಿದ, ಅಲ್ಪವಿರಾಮ, ಅದರ ಮೇಲೆ ಹತ್ತು ನಿಮಿಷ ಭಾಷಣವನ್ನೂ ಮಾಡಿದ,” ಅಂತ ಓದಿ ಕನ್ನಡಕದವರು ಹಾಳೆಯನ್ನು ಮಡಿಲಿಗೆ ಇಳಿಸಿದರು. ಈ ಸಾಲನ್ನು ತೆಗೆದುಹಾಕಲು ಬರುವುದಿಲ್ಲವೇ ಅಂತ ಕೇಳಿದರು. ಬರೆದದ್ದನ್ನು ತೆಗೆಯುವುದು ಕರಡು ತಿದ್ದುವವರ ಕೆಲಸವಲ್ಲ, ಬರೆದದ್ದು ಬರೆದ ಹಾಗೇ ಬರುವಂತೆ ನೋಡುವುದಷ್ಟೇ ಕೆಲಸ ಅಂತ ಅತ್ತೆ ಹೇಳಿದರು. ಕೈಬರಹದ ಹಾಳೆಯಲ್ಲಿ ಆ ವಾಕ್ಯಕ್ಕೆ ಇನ್ನು ಎರಡೇ ಪದ ಉಳಿದಿದ್ದವು. ಕನ್ನಡಕದವರು ಅವನ್ನು ಮೂರು ಸಲ ನೋಡಿದರು. ಬಾಗಿಲ ಕಡೆ ನೋಡಿದರು. ಮಗಳು ಪುಸ್ತಕ ಹಿಡಿದು ಅಲ್ಲೇ ಒರಗಿ ನಿಂತಿದ್ದಳು. ಆಗ ಅವರು ಗಂಟಲು ಸರಿಮಾಡಿಕೊಂಡು, ಜೀವನದಲ್ಲಿ ಮೊದಲ ಬಾರಿಗೆ, ತಿಳಿದೂ ತಿಳಿದೂ ಒಂದು ಅಚ್ಚಿನ ತಪ್ಪಿಗೆ ಬೀಜ ಹಾಕಿದರು.

“ಪ್ರಬುದ್ಧ ಓದುಗರು, ಪೂರ್ಣವಿರಾಮ.”

ಅತ್ತೆಯ ಪೆನ್ನು ನಿಂತಿತು. ಅಚ್ಚಿನ ಹಾಳೆಯನ್ನು ಹತ್ತಿರಕ್ಕೆ ತಂದುಕೊಂಡರು. ಆಮೇಲೆ ಕೈ ಚಾಚಿದರು. ಮೂಲ ಪ್ರತಿಯನ್ನು ಕೊಡದೆ ದಾರಿ ಇರಲಿಲ್ಲ. ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ಅಳಿಯ ಉಜ್ಜಿದ ಗಾಜಿನಲ್ಲಿ ಬಹಳ ಹೊತ್ತು ನೋಡಿದರು.

“ಅವರು ಬರೆದಿರೋದು ‘ಮುಗ್ಧ’ ಅಂತ,” ಅಂದರು. “ಆದರೆ ನೀವು ತಪ್ಪಾಗಿ ಓದಿದ್ದು ಒಳ್ಳೇದಾಯ್ತು. ಅಚ್ಚಿನವರೂ ಇಲ್ಲಿ ತಪ್ಪು ಮಾಡಿದ್ದಾರೆ, ‘ಮುಗ್ದ’ ಅಂತ ಅಲ್ಪಪ್ರಾಣ ಹಾಕಿಬಿಟ್ಟಿದ್ದಾರೆ.”

ಹೇಳಿ, ‘ದ’ ಅಕ್ಷರದ ಹೊಟ್ಟೆಯನ್ನು ಕೆಂಪು ಶಾಯಿಯಲ್ಲಿ ಸೀಳಿ, ಅಂಚಿನಲ್ಲಿ ದೊಡ್ಡದಾಗಿ ‘ಧ’ ಅಂತ ಬರೆದರು.

“ನಿಮ್ಮ ವಿಷಯದಲ್ಲಿ ಮಹಾಪ್ರಾಣವೇ ಸರಿ,” ಅಂದರು ಅತ್ತೆ. “ಮುಂದೆ ಓದಿ.”